ಮೊದಲ ಗಣಕಗಳ ಕೀಲಿಮಣೆ, ಮುದ್ರಕ ಮತ್ತು ವಾರಾಣಸಿ

ಇಂದಿನ ಗಣಕದಲ್ಲಿ ಕೀಲಿಮಣೆ, ಪರದೆ, ಮುದ್ರಕ ಮೂರೂ ಒಂದೇ ಮೇಜಿನ ಮೇಲೆ ಇರುತ್ತವೆ. ಒಬ್ಬರೇ ಮೂರನ್ನೂ ನಡೆಸುತ್ತಾರೆ. 1960ರ ದಶಕದಲ್ಲಿ ಭಾರತದ ಕಚೇರಿಗಳಿಗೆ ಬಂದ ಗಣಕಗಳ ಕಥೆ ಬೇರೆ. ಕೀಲಿ ಒತ್ತುವವರು ಒಂದು ಕೋಣೆಯಲ್ಲಿ, ಲೆಕ್ಕ ಮಾಡುವ ಯಂತ್ರ ಇನ್ನೊಂದು ಕೋಣೆಯಲ್ಲಿ, ಅಚ್ಚಾಗಿ ಬಂದ ಕಾಗದದ ರಾಶಿಯನ್ನು ಹರಿದು ಜೋಡಿಸುವವರು ಮತ್ತೊಂದು ಕಡೆ. ಕೀಲಿ ಒತ್ತಿದವರ ಕೆಲಸ ಅಚ್ಚಾಗಿ ಹೊರಬರಲು ಗಂಟೆಗಳು, ಕೆಲವೊಮ್ಮೆ ದಿನಗಳೇ ಹಿಡಿಯುತ್ತಿದ್ದವು. ಭಾರತದ ಗಣಕ ಚರಿತ್ರೆ ಬರೆದವರು ಯಂತ್ರಗಳ ಹೆಸರು, ಸರ್ಕಾರದ ನೀತಿ, ಕಂಪನಿಗಳ ಜಟಾಪಟಿ ಎಲ್ಲವನ್ನೂ ವಿವರವಾಗಿ ದಾಖಲಿಸಿದ್ದಾರೆ. ಈ ಕೈಗೆಲಸಕ್ಕೆ ಮಾತ್ರ ಅವರು ಕೊಟ್ಟ ಜಾಗ ಕಡಿಮೆ. ಸಂಬಳದ ಚೀಟಿಯ ಅಂಕಿ ಸರಿಯಿರುವುದೂ ತಪ್ಪಾಗುವುದೂ ಯಂತ್ರಕ್ಕಿಂತ ಹೆಚ್ಚಾಗಿ ಈ ಬೆರಳುಗಳ ಮೇಲೆ ನಿಂತಿತ್ತು.

ರೈಲ್ವೆ ಕಾರ್ಖಾನೆಗೆ ಬಂದ ಗಣಕ

ವಾರಾಣಸಿಯಲ್ಲಿ ಈ ಕಥೆಯನ್ನು ಡೀಸೆಲ್ ಲೋಕೋಮೋಟಿವ್ ವರ್ಕ್ಸ್‌ನಿಂದ ಆರಂಭಿಸಬೇಕು. ಊರಿನವರ ಬಾಯಲ್ಲಿ ಅದು ಡಿಎಲ್‌ಡಬ್ಲ್ಯು. ರಾಷ್ಟ್ರಪತಿ ರಾಜೇಂದ್ರ ಪ್ರಸಾದ್ 1956ರ ಏಪ್ರಿಲ್ 23ರಂದು ಅದಕ್ಕೆ ಅಡಿಗಲ್ಲು ಹಾಕಿದರು. 1961ರಲ್ಲಿ ಸಂಸ್ಥೆ ಕೆಲಸ ಆರಂಭಿಸಿತು. ಅಮೆರಿಕದ ಆಲ್ಕೊ ಕಂಪನಿಯ ತಂತ್ರಜ್ಞಾನ ಪಡೆದು ತಯಾರಿಸಿದ ಮೊದಲ ಡೀಸೆಲ್ ಎಂಜಿನ್ 1964ರ ಜನವರಿಯಲ್ಲಿ ಹೊರಬಂತು. 2020ರಿಂದ ಅದರ ಹೆಸರು ಬನಾರಸ್ ಲೋಕೋಮೋಟಿವ್ ವರ್ಕ್ಸ್.

1960ರ ದಶಕದ ಉತ್ತರಾರ್ಧದಲ್ಲಿ ಭಾರತೀಯ ರೈಲ್ವೆ ಒಟ್ಟು 12 ಐಬಿಎಂ 1401 ಗಣಕಗಳನ್ನು ತರಿಸಿಕೊಂಡಿತು. ಆಗಿದ್ದ ಒಂಬತ್ತು ವಲಯಗಳಿಗೆ ಒಂದೊಂದು. ಉಳಿದ ಮೂರು ಚಿತ್ತರಂಜನ್, ಪೆರಂಬೂರು ಮತ್ತು ವಾರಾಣಸಿಯ ಕಾರ್ಖಾನೆಗಳಿಗೆ. ಗಂಗೆಯ ದಡದ ಊರಿಗೆ ಗಣಕ ವಿಜ್ಞಾನಿಗಳ ಆಸೆಯಿಂದಾಗಲಿ, ಗಣಿತದ ಯಾವುದೋ ಬಿಡಿಸಲಾಗದ ಸಮಸ್ಯೆಯಿಂದಾಗಲಿ ಬರಲಿಲ್ಲ. ಸಂಬಳದ ಪಟ್ಟಿ, ಉಗ್ರಾಣದ ಲೆಕ್ಕ, ಉತ್ಪಾದನೆಯ ಅಂಕಿಅಂಶ ಇವುಗಳಿಗಾಗಿ ಬಂತು. ಒಂದು ಎಂಜಿನ್‌ಗೆ ಸಾವಿರಾರು ಬಿಡಿಭಾಗಗಳು. ಅವುಗಳಲ್ಲಿ ಎಷ್ಟು ಬಂದವು, ಎಷ್ಟು ಖರ್ಚಾದವು, ಎಷ್ಟು ತರಿಸಬೇಕು ಎಂಬುದನ್ನು ಖಾತೆ ಪುಸ್ತಕದಲ್ಲಿ ಬರೆದು ಮುಗಿಸುವುದು ಗುಮಾಸ್ತರ ಸೈನ್ಯಕ್ಕೂ ಕಷ್ಟ.

1959ರ ಅಕ್ಟೋಬರ್‌ನಲ್ಲಿ ಮಾರುಕಟ್ಟೆಗೆ ಪ್ರಕಟವಾದ 1401 ಜಗತ್ತಿನಾದ್ಯಂತ ಹತ್ತು ಸಾವಿರಕ್ಕೂ ಹೆಚ್ಚು ತಯಾರಾದ ಯಂತ್ರ. ಅದರ ಸ್ಮೃತಿ 1,400 ಅಕ್ಷರಗಳಿಂದ 16,000 ಅಕ್ಷರಗಳವರೆಗೆ. ಈ ಲೇಖನವನ್ನು ತುಂಬಹೋದರೆ ಅತಿ ದೊಡ್ಡ ಮಾದರಿಯಲ್ಲೂ ಹಿಡಿಸಲಿಕ್ಕಿಲ್ಲ. ಸಾಮಾನ್ಯ ಜೋಡಣೆಯಲ್ಲಿ ಮೂರು ದೊಡ್ಡ ಪೆಟ್ಟಿಗೆಗಳು: ಲೆಕ್ಕ ಮಾಡುವ 1401, ಕಾರ್ಡು ಓದುವ ಮತ್ತು ತೂತು ಹಾಕುವ 1402, ಅಚ್ಚು ಹಾಕುವ 1403. ಟೈಪ್‌ರೈಟರಿನಂಥ ಒಂದು ಉಪಕರಣವನ್ನು ಬೇಕೆಂದವರು ಪ್ರತ್ಯೇಕವಾಗಿ ಕೊಳ್ಳಬಹುದಿತ್ತು. ಅದಿಲ್ಲದಿದ್ದರೆ ಗಣಕಕ್ಕೆ ಕೀಲಿಮಣೆಯೇ ಇಲ್ಲ; ಮುಂಭಾಗದಲ್ಲಿ ದೀಪಗಳು, ಸ್ವಿಚ್ಚುಗಳು, ಕೆಲವು ಗುಂಡಿಗಳು, ಅಷ್ಟೇ. ಕೀಲಿಮಣೆ ಇದ್ದದ್ದು ಪಂಚಿಂಗ್ ಕೋಣೆಯಲ್ಲಿ.

ಪಂಚಿಂಗ್ ಕೋಣೆ

ಹರ್ಮನ್ ಹಾಲರಿತ್ 1890ರ ಅಮೆರಿಕದ ಜನಗಣತಿಗೆ ಬಳಸಿದ ತೂತಿನ ಕಾರ್ಡು 1928ರಲ್ಲಿ ಐಬಿಎಂ ಕೈಯಲ್ಲಿ 80 ಕಾಲಮ್ಮುಗಳ, ಆಯತಾಕಾರದ ತೂತುಗಳ ರೂಪ ಪಡೆಯಿತು. ಒಂದು ಕಾಲಮ್ಮಿಗೆ ಒಂದು ಅಕ್ಷರ, ಪ್ರತಿ ಕಾಲಮ್ಮಿನಲ್ಲಿ 12 ಸಾಲು. ಅಂಕಿಗೆ ಒಂದು ತೂತು. ಇಂಗ್ಲಿಷ್ ಅಕ್ಷರಕ್ಕೆ ಎರಡು. ‘ಎ’ ಎಂದರೆ 12ನೇ ಸಾಲು ಮತ್ತು 1ನೇ ಸಾಲು, ‘ಜೆ’ ಎಂದರೆ 11 ಮತ್ತು 1, ‘ಎಸ್’ ಎಂದರೆ ಸೊನ್ನೆ ಮತ್ತು 2. ಅನುಭವಿ ಆಪರೇಟರ್ ಕಾರ್ಡನ್ನು ಬೆಳಕಿಗೆ ಹಿಡಿದರೆ ಹೆಸರು ಓದಿ ಹೇಳುತ್ತಿದ್ದುದು ಇದರಿಂದಲೇ, ಮಂತ್ರವೇನೂ ಇಲ್ಲ.

ತೂತು ಹಾಕುವ ಮೇಜು ಗಾತ್ರದ ಯಂತ್ರವೇ ಕೀ ಪಂಚ್. 1949ರ 026 ಮತ್ತು 1964ರ 029 ಮಾದರಿಗಳು ಹೆಚ್ಚು ಪ್ರಸಿದ್ಧ. ಬಲಗಡೆಯ ತೊಟ್ಟಿಯಲ್ಲಿ ಖಾಲಿ ಕಾರ್ಡುಗಳ ಕಟ್ಟು. ‘ಫೀಡ್’ ಒತ್ತಿದರೆ ಒಂದು ಕಾರ್ಡು ಕೆಳಗಿಳಿಯುತ್ತದೆ, ತೂತು ಬೀಳುವ ಜಾಗಕ್ಕೆ ಸರಿಯುತ್ತದೆ, ಪ್ರತಿ ಕೀಲಿಗೂ ‘ಚಕ್’ ಎಂದು ಒಂದು ಕಾಲಮ್ಮು ಎಡಕ್ಕೆ ಜರುಗುತ್ತದೆ, ಮುಗಿದ ಮೇಲೆ ಎಡಗಡೆಯ ತೊಟ್ಟಿಗೆ ಏರುತ್ತದೆ. ಅಕ್ಷರಗಳ ಜೋಡಣೆ ಟೈಪ್‌ರೈಟರಿನದೇ. ಅಂಕಿಗಳಿಗೆ ಮಾತ್ರ ಮೇಲಿನ ಸಾಲು ಇಲ್ಲ. ‘ನ್ಯೂಮರಿಕ್’ ಕೀಲಿ ಹಿಡಿದಾಗ ಬಲಗೈಯ ಅಡಿಯಲ್ಲಿ ಬರುವ ಯು, ಐ, ಒ ಕೀಲಿಗಳೇ 1, 2, 3 ಆಗುತ್ತವೆ; ಅವುಗಳ ಕೆಳಗೆ ಜೆ, ಕೆ, ಎಲ್ ಎಂಬವು 4, 5, 6. ಅಂದರೆ ಒಂದು ಕೈ ಕಾಗದದ ಮೇಲೆ ಬೆರಳಿಟ್ಟು ಸಾಲು ಹಿಡಿಯಬಹುದು, ಇನ್ನೊಂದೇ ಕೈ ಅಂಕಿಗಳನ್ನೆಲ್ಲ ಹೊಡೆಯಬಹುದು. ಇಲ್ಲಿ 1, 2, 3 ಮೇಲಿನ ಸಾಲಿನಲ್ಲಿವೆ, ಈಗಿನ ಫೋನಿನಲ್ಲಿರುವಂತೆ. ಲೆಕ್ಕದ ಯಂತ್ರದಲ್ಲಿ ಅವು ಕೆಳಗಿನ ಸಾಲು. ಕ್ಯಾಲ್ಕುಲೇಟರ್ ಬಳಸಿ ಬಂದವರಿಗೆ ಪಂಚಿಂಗ್ ಕಲಿಯುವಾಗ ಕೈ ತಪ್ಪುತ್ತಿದ್ದರೆ ಆಶ್ಚರ್ಯವಿಲ್ಲ.

ವೇಗದ ಗುಟ್ಟು ಬೆರಳಿನಲ್ಲಿ ಅರ್ಧ, ಉಳಿದರ್ಧ ಡ್ರಮ್ಮಿನಲ್ಲಿ. ಯಂತ್ರದ ಮಧ್ಯದಲ್ಲಿ ಒಂದು ಸಣ್ಣ ಉರುಳೆ. ಅದಕ್ಕೆ ಸುತ್ತಿದ ಒಂದು ವಿಶೇಷ ಕಾರ್ಡು ಆಯಾ ಕೆಲಸದ ನಕ್ಷೆ. ಯಾವ ಕಾಲಮ್ಮಿನಿಂದ ಯಾವ ಕಾಲಮ್ಮಿನವರೆಗೆ ಅಂಕಿ ಮಾತ್ರ, ಎಲ್ಲಿ ಖಾಲಿ ಬಿಟ್ಟು ಹಾರಬೇಕು, ಹಿಂದಿನ ಕಾರ್ಡಿನ ಯಾವ ಭಾಗವನ್ನು ತಾನಾಗಿಯೇ ನಕಲು ಮಾಡಬೇಕು ಎಂಬುದೆಲ್ಲ ಅದರಲ್ಲಿ ಬರೆದಿರುತ್ತದೆ. ಒಂದೇ ಶಾಪಿನ ನೌಕರರ ಹಾಜರಿ ಕಾರ್ಡುಗಳನ್ನು ಹೊಡೆಯುವಾಗ ಶಾಪಿನ ಸಂಖ್ಯೆ, ತಿಂಗಳು, ವರ್ಷ ಮೊದಲ ಕಾರ್ಡಿನಲ್ಲಿ ಮಾತ್ರ ಕೈಯಿಂದ ಬೀಳುತ್ತದೆ. ಉಳಿದವಕ್ಕೆಲ್ಲ ಯಂತ್ರವೇ ಅದನ್ನು ಇಳಿಸಿಕೊಳ್ಳುತ್ತದೆ. ಒಳ್ಳೆಯ ಮೇಲ್ವಿಚಾರಕ ಎಂದರೆ ಈ ಡ್ರಮ್ ಕಾರ್ಡನ್ನು ಚೊಕ್ಕವಾಗಿ ಯೋಜಿಸಬಲ್ಲವನು.

ಭಾರತ ಸರ್ಕಾರದ ಡೇಟಾ ಎಂಟ್ರಿ ಆಪರೇಟರ್ ಹುದ್ದೆಗೆ ಇಂದೂ ಕೇಳುವ ವೇಗ ಗಂಟೆಗೆ 8,000 ಕೀಲಿ ಒತ್ತು. ಸೆಕೆಂಡಿಗೆ ಎರಡಕ್ಕಿಂತ ತುಸು ಹೆಚ್ಚು. 80 ಕಾಲಮ್ಮಿನ ತುಂಬು ಕಾರ್ಡಿನ ಲೆಕ್ಕದಲ್ಲಿ ಅದು ಗಂಟೆಗೆ 100 ಕಾರ್ಡು. ಅಳತೆ ಪದಗಳಲ್ಲಿಲ್ಲ, ಒತ್ತುಗಳಲ್ಲಿದೆ ಎನ್ನುವುದನ್ನು ಗಮನಿಸಬೇಕು. ಟೈಪಿಸ್ಟನಿಗೆ ವಾಕ್ಯ ಅರ್ಥವಾಗುತ್ತದೆ, ಅರ್ಥವೇ ಅವನ ಬೆರಳನ್ನು ಮುಂದಕ್ಕೆ ಒಯ್ಯುತ್ತದೆ. ಪಂಚ್ ಆಪರೇಟರಿಗೆ ಎದುರಿರುವುದು ನೌಕರನ ಟಿಕೆಟ್ ನಂಬರು, ಗಂಟೆ, ದರ, ಕಡಿತ. ಅಲ್ಲಿ ಅರ್ಥದ ಆಸರೆ ಇಲ್ಲ.

ಆದ್ದರಿಂದಲೇ ಪ್ರತಿ ಕಾರ್ಡನ್ನೂ ಎರಡು ಸಲ ಹೊಡೆಯುತ್ತಿದ್ದರು. ಎರಡನೆಯ ಸಲ ಬೇರೆ ಆಪರೇಟರ್, ಬೇರೆ ಯಂತ್ರ: ವೆರಿಫೈಯರ್. ಅದರ ಕೀಲಿಮಣೆಯೂ ಹಾಗೆಯೇ ಇರುತ್ತದೆ. ತೂತು ಮಾತ್ರ ಬೀಳುವುದಿಲ್ಲ. ಒತ್ತಿದ ಕೀಲಿಯೂ ಕಾರ್ಡಿನಲ್ಲಿರುವ ತೂತೂ ತಾಳೆಯಾದರೆ ಕಾರ್ಡು ಮುಂದೆ ಸರಿಯುತ್ತದೆ. ಆಗದಿದ್ದರೆ ಕೆಂಪು ದೀಪ ಹತ್ತಿ ಯಂತ್ರ ನಿಲ್ಲುತ್ತದೆ. ತಪ್ಪು ತನ್ನದೇ ಇರಬಹುದೆಂದು ಆಪರೇಟರ್ ಮತ್ತೆ ಒತ್ತುತ್ತಾರೆ. ಮೂರನೆಯ ಸಲವೂ ಹೊಂದದಿದ್ದರೆ ಆ ಕಾಲಮ್ಮಿನ ನೆತ್ತಿಯ ಮೇಲೆ ಕಾರ್ಡಿನ ಅಂಚಿಗೆ ಒಂದು ಕಚ್ಚು ಬೀಳುತ್ತದೆ. ಪೂರ್ತಿ ಸರಿಯಿದ್ದ ಕಾರ್ಡಿಗೆ ಬಲ ಅಂಚಿನಲ್ಲಿ ಕಚ್ಚು. ಕಟ್ಟನ್ನು ಒಟ್ಟಾಗಿ ಹಿಡಿದು ಬಲ ಅಂಚನ್ನು ನೋಡಿದರೆ ಕಚ್ಚಿಲ್ಲದ ಕಾರ್ಡು ಎದ್ದು ಕಾಣುತ್ತದೆ. ಅದನ್ನು ಎಳೆದು ಮತ್ತೆ ಹೊಡೆಸಬೇಕು. ದುಡ್ಡಿನ ಲೆಕ್ಕ ಯಂತ್ರದೊಳಗೆ ಹೋಗುವ ಮುನ್ನ ಇಬ್ಬರು ಮನುಷ್ಯರ ಸಾಕ್ಷಿ ಬೇಕಿತ್ತು ಎಂದಾಯಿತು. ಈಗಿನ ಅನೇಕ ಜಾಲತಾಣಗಳು ಬ್ಯಾಂಕ್ ಖಾತೆ ಸಂಖ್ಯೆಯನ್ನು ಎರಡು ಸಲ ಟೈಪ್ ಮಾಡಿಸುತ್ತವಲ್ಲ, ಅದು ಇದೇ ಪದ್ಧತಿಯ ಬಡ ನೆಂಟ. ಎರಡು ಸಲವೂ ಒಬ್ಬನೇ ಹೊಡೆಯುವುದರಿಂದ ಅದರ ಬಲ ಅರ್ಧಕ್ಕಿಳಿದಿದೆ.

ಕಾರ್ಡು, ಸೆಕೆ, ತೇವ

ಬಿಸಿಲಿಗೆ ನಲವತ್ತು ಡಿಗ್ರಿ ದಾಟುವ, ಮಳೆಗಾಲದಲ್ಲಿ ಗಾಳಿಯೇ ಒದ್ದೆಯಾಗುವ ಊರು ವಾರಾಣಸಿ. ದಪ್ಪ ಕಾಗದದ ಕಾರ್ಡು ಗಾಳಿಯ ತೇವ ಹೀರಿ ಉಬ್ಬುತ್ತದೆ, ಅಂಚು ಬಾಗುತ್ತದೆ. 1402 ನಿಮಿಷಕ್ಕೆ 800 ಕಾರ್ಡು ಎಳೆದುಕೊಳ್ಳುವ ಯಂತ್ರ. ಆ ವೇಗದಲ್ಲಿ ಬಾಗಿದ ಒಂದು ಕಾರ್ಡು ಸಿಕ್ಕಿಕೊಂಡರೆ ಹಿಂದಿನವು ಅದರ ಮೇಲೆ ಬಂದು ಬಡಿದು ಮುದ್ದೆಯಾಗುತ್ತವೆ. ಗಣಕ ಕೊಠಡಿಗೆ ಹವಾನಿಯಂತ್ರಣ ಬೇಕಾದದ್ದು ಯಂತ್ರದ ಟ್ರಾನ್ಸಿಸ್ಟರುಗಳಿಗೆ ಎಷ್ಟೋ ಕಾರ್ಡುಗಳಿಗೂ ಅಷ್ಟೇ. ಓದುಗ ಯಂತ್ರಕ್ಕೆ ಹಾಕುವ ಮುನ್ನ ಕಟ್ಟನ್ನು ಬೀಸಣಿಗೆಯಂತೆ ಬಿಡಿಸಿ, ಗಾಳಿಯಾಡಿಸಿ, ಮೇಜಿನ ಮೇಲೆ ಕುಟ್ಟಿ ಅಂಚು ಸಮ ಮಾಡುವುದು ಎಲ್ಲ ಊರಿನ ಆಪರೇಟರುಗಳ ಮೊದಲ ಪಾಠ.

ಕೈಜಾರಿ ಕಟ್ಟು ನೆಲಕ್ಕೆ ಬಿದ್ದರೆ? ಅದಕ್ಕೂ ಉಪಾಯಗಳಿದ್ದವು. ಕಟ್ಟಿನ ಮೇಲಂಚಿಗೆ ಅಡ್ಡಡ್ಡವಾಗಿ ಪೆನ್ನಿನಿಂದ ಒಂದು ಓರೆಗೆರೆ ಎಳೆದಿಡುವುದು ಬಡವರ ಉಪಾಯ. ಗೆರೆ ಮತ್ತೆ ನೇರವಾಗುವವರೆಗೆ ಕೈಯಿಂದಲೇ ಜೋಡಿಸಬೇಕು. ಪ್ರೋಗ್ರಾಂ ಕಾರ್ಡುಗಳಲ್ಲಿ 73ರಿಂದ 80ರವರೆಗಿನ ಕಾಲಮ್ಮುಗಳನ್ನು ಕ್ರಮಸಂಖ್ಯೆಗೆ ಮೀಸಲಿಟ್ಟು, ವಿಂಗಡಿಸುವ ಯಂತ್ರಕ್ಕೆ ಹಾಕುವುದು ಅನುಕೂಲವಂತರ ಉಪಾಯ.

ಕಾರ್ಡು ಕೂಡಿಸಿಟ್ಟು ‘ಲೋಡ್’ ಗುಂಡಿ ಒತ್ತಿದರೆ ಮೊದಲ ಕಾರ್ಡಿನ 80 ಅಕ್ಷರಗಳು ಸ್ಮೃತಿಯ 1ರಿಂದ 80ರ ಮನೆಗಳಿಗೆ ಹೋಗಿ ಕೂರುತ್ತವೆ, ಯಂತ್ರ ಅಲ್ಲಿಂದಲೇ ಕೆಲಸ ಆರಂಭಿಸುತ್ತದೆ. ತೂತು ಹಾಕಬೇಕಾದದ್ದಕ್ಕೆ 101ರಿಂದ 180. ಅಚ್ಚಾಗಬೇಕಾದ ಸಾಲಿಗೆ 201ರಿಂದ 332. ಪ್ರೋಗ್ರಾಂ ಬರೆಯುವವನು ಈ ಮನೆ ನಂಬರುಗಳನ್ನು ಬಾಯಿಪಾಠ ಮಾಡಿರುತ್ತಿದ್ದ.

ಸಾಲು ಮುದ್ರಕ

ಐಬಿಎಂ 1403 ನಿಮಿಷಕ್ಕೆ 600 ಸಾಲು ಅಚ್ಚು ಹಾಕುತ್ತಿತ್ತು, ಸಾಲಿಗೆ 132 ಅಕ್ಷರ. ಇಂಚಿಗೆ ಹತ್ತರಂತೆ 13.2 ಇಂಚು, ಅದಕ್ಕೇ ಅಗಲವಾದ, ಎರಡೂ ಅಂಚಿನಲ್ಲಿ ತೂತುಗಳ ಸಾಲಿರುವ, ಮಡಿಕೆ ಮಡಿಕೆಯಾಗಿ ಬರುವ ಕಾಗದ. ಹನ್ನೊಂದು ಇಂಚಿನ ಪುಟಕ್ಕೆ 66 ಸಾಲು ತುಂಬಿದರೂ ಏಳು ಸೆಕೆಂಡು ಸಾಕು. 1960ರ ದಶಕದ ಗುಮಾಸ್ತನಿಗೆ ಇದು ನಂಬಲಾಗದ ಮಾತು.

ಕೆಲಸ ಮಾಡುವ ಬಗೆ ಹೀಗೆ. ಉಕ್ಕಿನ ಅಕ್ಷರಗಳ ಒಂದು ಸರಪಳಿ ಕಾಗದಕ್ಕೆ ಅಡ್ಡವಾಗಿ ಬಿಡುವಿಲ್ಲದೆ ಓಡುತ್ತಿರುತ್ತದೆ. 48 ಅಕ್ಷರಗಳ ಗುಂಪು ಅದರಲ್ಲಿ ಐದು ಸಲ ಪುನರಾವರ್ತನೆಯಾಗಿರುತ್ತದೆ. ಕಾಗದದ ಹಿಂದೆ 132 ಸುತ್ತಿಗೆಗಳು, ಕಾಲಮ್ಮಿಗೊಂದು. 45ನೇ ಕಾಲಮ್ಮಿಗೆ ಬೇಕಾದ ಅಕ್ಷರ ಅಲ್ಲಿಗೆ ಬಂದ ಕ್ಷಣಕ್ಕೆ ಸರಿಯಾಗಿ 45ನೇ ಸುತ್ತಿಗೆ ಕಾಗದವನ್ನು ಹಿಂದಿನಿಂದ ಬಡಿದು, ಶಾಯಿಪಟ್ಟಿಯ ಮೂಲಕ ಅಕ್ಷರಕ್ಕೆ ಒತ್ತುತ್ತದೆ. ಟೈಪ್‌ರೈಟರಿನಲ್ಲಿ ಅಕ್ಷರವೇ ಕಾಗದಕ್ಕೆ ಹೊಡೆದರೆ ಇಲ್ಲಿ ಕಾಗದವೇ ಅಕ್ಷರಕ್ಕೆ ಹೊಡೆಯಿಸಿಕೊಳ್ಳುತ್ತದೆ. ಶಾಯಿಪಟ್ಟಿಯೂ ಟೈಪ್‌ರೈಟರಿನ ರಿಬ್ಬನ್ನಿನಂತಲ್ಲ. ಪುಟದಷ್ಟೇ ಅಗಲದ ಬಟ್ಟೆ. ಅದನ್ನು ಬದಲಿಸಿದವರ ಬೆರಳು ಸಂಜೆಯವರೆಗೂ ಕಪ್ಪು.

ಶಬ್ದದ ಬಗ್ಗೆ ಹೇಳಲೇಬೇಕು. ಮುಚ್ಚಳ ಹಾಕಿದ್ದರೂ ಗಟ್ಟಿಯಾಗಿ ಮಾತಾಡಿದರಷ್ಟೇ ಕೇಳುವ ಗದ್ದಲ. ಯಾವ ಸಾಲಿನಲ್ಲಿ ಎಷ್ಟು ಅಕ್ಷರ, ಯಾವ ಕ್ರಮದಲ್ಲಿ ಎಂಬುದರ ಮೇಲೆ ಆ ಸದ್ದಿನ ಶ್ರುತಿ ಬದಲಾಗುತ್ತದೆ. ಬೇರೆ ಬೇರೆ ದೇಶಗಳ ಪ್ರೋಗ್ರಾಮರುಗಳು ಸಾಲುಗಳನ್ನು ಆಯ್ದು ಜೋಡಿಸಿ ಈ ಯಂತ್ರದಿಂದ ಹಾಡಿನ ಧಾಟಿ ಹೊರಡಿಸಿದ್ದರು. ಕಂಪನಿಯ ಕೈಪಿಡಿಯಲ್ಲಿ ಇಲ್ಲದ ಈ ವಿದ್ಯೆಯೂ ಯಂತ್ರದ ಜೊತೆಗೇ ಊರೂರು ಸುತ್ತಿತು.

ಮುದ್ರಕ ನಡೆಸುವವರ ಕಸುಬು ಕಾಣುತ್ತಿದ್ದದ್ದು ಕಾಗದ ಹಾಕುವಾಗ. ಮೊದಲೇ ಅಚ್ಚಾದ ಸಂಬಳದ ಚೀಟಿಯ ನಮೂನೆಯಲ್ಲಿ ‘ಮೂಲ ವೇತನ’ ಎಂಬ ಚೌಕದೊಳಗೇ ಅಂಕಿ ಬೀಳಬೇಕು. ಮೊದಲ ಒಂದೆರಡು ನಮೂನೆಗಳಲ್ಲಿ ಎಲ್ಲ ಚೌಕಗಳಿಗೂ ‘ಎಕ್ಸ್’ ಅಕ್ಷರಗಳನ್ನು ಹೊಡೆಸಿ, ತಿರುಗುಗುಂಡಿಯಿಂದ ಕೂದಲೆಳೆಯಷ್ಟು ಮೇಲೆ ಕೆಳಗೆ ಸರಿಸಿ, ಆಮೇಲೆ ನಿಜವಾದ ಮುದ್ರಣ. ಪುಟ ಎಲ್ಲಿ ಮುಗಿಯುತ್ತದೆ, ಹೊಸದು ಎಲ್ಲಿ ಆರಂಭ ಎಂಬುದನ್ನು ಗಣಕ ತಾನಾಗಿ ಅರಿಯದು. ಅದಕ್ಕಾಗಿ ನಮೂನೆಯ ಉದ್ದಕ್ಕೆ ಸರಿಯಾಗಿ ಕತ್ತರಿಸಿ, ಅಂಟಿಸಿ ಬಳೆ ಮಾಡಿದ ಒಂದು ಕಾಗದದ ಪಟ್ಟಿಯನ್ನು ಮುದ್ರಕದೊಳಗೆ ತೊಡಿಸುತ್ತಿದ್ದರು. ಅದರಲ್ಲಿ 12 ಓಣಿಗಳು. ಒಂದನೇ ಓಣಿಯಲ್ಲಿ ತೂತಿದ್ದಲ್ಲಿ ಪುಟದ ತಲೆ, ಹನ್ನೆರಡನೆಯದರಲ್ಲಿ ತೂತಿದ್ದಲ್ಲಿ ಪುಟದ ಕೊನೆ ಎಂಬುದು ರೂಢಿ. ಈ ಪಟ್ಟಿಯನ್ನು ಕೈಪಂಚಿನಿಂದ ಆಪರೇಟರೇ ತಯಾರಿಸಬೇಕು. ‘ಐದನೇ ಓಣಿಗೆ ಹೋಗು’ ಎಂದು ಪ್ರೋಗ್ರಾಂ ಹೇಳಿ, ಪಟ್ಟಿಯ ಐದನೇ ಓಣಿಯಲ್ಲಿ ತೂತೇ ಇಲ್ಲದಿದ್ದರೆ ಮುದ್ರಕ ಆ ತೂತನ್ನು ಹುಡುಕುತ್ತಲೇ ಇರುತ್ತದೆ. ಕಾಗದ ಖಾಲಿ ಖಾಲಿಯಾಗಿ ಚಿಮ್ಮಿ ಕೋಣೆಯ ತುಂಬ ಹರಡುತ್ತದೆ. ‘ಸ್ಟಾಪ್’ ಗುಂಡಿಯತ್ತ ಓಡುವುದೊಂದೇ ದಾರಿ.

1403ರ ಅಣ್ಣನಂಥ ಎನ್-1 ಮಾದರಿ ನಿಮಿಷಕ್ಕೆ 1,100 ಸಾಲು ಹೊಡೆಯುತ್ತಿತ್ತು. ಕಾಗದ ಮುಗಿದೊಡನೆ ಅದರ ಮುಚ್ಚಳ ತಾನಾಗಿಯೇ ಮೇಲೇಳುತ್ತಿತ್ತು. ಮೇಲೆ ಚಹಾದ ಲೋಟ ಇಟ್ಟವರ ಗತಿಯನ್ನು ವಿವರಿಸಬೇಕಾಗಿಲ್ಲ.

ಅಚ್ಚಾದ ಮೇಲೂ ಕೆಲಸ ಮುಗಿಯುವುದಿಲ್ಲ. ನಡುವೆ ಕಾರ್ಬನ್ ಇಟ್ಟ ನಾಲ್ಕೈದು ಪದರದ ಕಾಗದವಾದರೆ ಪದರ ಬಿಡಿಸಬೇಕು, ಕಾರ್ಬನ್ ಸುತ್ತಿ ತೆಗೆಯಬೇಕು, ಅಂಚಿನ ತೂತಿನ ಪಟ್ಟಿ ಹರಿಯಬೇಕು, ಪುಟ ಬಿಡಿಸಿ ವಿಭಾಗವಾರು ಕಟ್ಟು ಕಟ್ಟಬೇಕು. ಇದಕ್ಕೂ ಯಂತ್ರಗಳಿದ್ದವು. ಇಲ್ಲದಲ್ಲಿ ಸ್ಕೇಲು ಮತ್ತು ಕೈ.

ಮುದ್ರಕಕ್ಕೆ ಗೊತ್ತಿಲ್ಲದ ಲಿಪಿ

ಸರಪಳಿಯ 48 ಅಕ್ಷರಗಳೆಂದರೆ ಇಂಗ್ಲಿಷಿನ 26 ದೊಡ್ಡಕ್ಷರ, 10 ಅಂಕಿ, 12 ಚಿಹ್ನೆ. ಸಣ್ಣಕ್ಷರಕ್ಕೇ ಜಾಗವಿಲ್ಲ. ವಾಣಿಜ್ಯದ ಲೆಕ್ಕಕ್ಕೆ ಒಂದು ಸರಪಳಿ, ವಿಜ್ಞಾನದ ಲೆಕ್ಕಕ್ಕೆ ಇನ್ನೊಂದು. ವಾಣಿಜ್ಯದ ಸರಪಳಿ ಹಾಕಿಕೊಂಡು ವಿಜ್ಞಾನದ ಲೆಕ್ಕದ ಭಾಷೆಯಾದ ಫೋರ್ಟ್ರಾನಿನ ಪ್ರೋಗ್ರಾಂ ಅಚ್ಚು ಹಾಕಿದರೆ ತೆರೆಯುವ ಆವರಣ ಚಿಹ್ನೆಯ ಬದಲು ಶೇಕಡಾ ಚಿಹ್ನೆ ಬೀಳುತ್ತಿತ್ತು. ಇಷ್ಟು ಬಿಗಿಯಾದ ಜಾಗದಲ್ಲಿ ನಾಗರಿ ಲಿಪಿಯ ಮಾತೆಲ್ಲಿ?

ವಾರಾಣಸಿಯಲ್ಲಿ ಇದು ಸಣ್ಣ ವಿಷಯವಲ್ಲ. ನಾಗರಿ ಪ್ರಚಾರಿಣಿ ಸಭೆ 1893ರಲ್ಲಿ ಹುಟ್ಟಿದ್ದು ಈ ಊರಿನಲ್ಲಿ. ವಾಯವ್ಯ ಪ್ರಾಂತ್ಯದ ಕಚೇರಿ ನ್ಯಾಯಾಲಯಗಳಲ್ಲಿ ನಾಗರಿಗೂ ಅವಕಾಶ ಕೊಟ್ಟ 1900ರ ಸರ್ಕಾರಿ ಆದೇಶದ ಹಿಂದೆ ಆ ಸಭೆಯ ಹೋರಾಟವಿತ್ತು. ಏಳು ದಶಕಗಳ ನಂತರ ಅದೇ ಊರಿನ ಕಾರ್ಖಾನೆಯಲ್ಲಿ ಗಣಕ ಅಚ್ಚು ಹಾಕುವ ಹೆಸರುಗಳೆಲ್ಲ ಇಂಗ್ಲಿಷ್ ದೊಡ್ಡಕ್ಷರದಲ್ಲಿ. ಕಾಗದದ ಮೇಲೆ ಗೆದ್ದ ಲಿಪಿ ಉಕ್ಕಿನ ಸರಪಳಿಯ ಮುಂದೆ ಸೋತಿತು ಎಂದರೆ ಅತಿಶಯೋಕ್ತಿಯಲ್ಲ. ಈ ಸೋಲಿಗೆ ರಾಜಕೀಯಕ್ಕಿಂತ ಹೆಚ್ಚಾಗಿ ಸುತ್ತಿಗೆಯ ಲೆಕ್ಕಾಚಾರವೇ ಕಾರಣ: ಗುಂಪಿನ ಅಕ್ಷರ ಹೆಚ್ಚಿದಷ್ಟೂ ಬೇಕಾದ ಅಕ್ಷರ ಸುತ್ತಿಗೆಯ ಎದುರು ಬರಲು ಹೊತ್ತು ಹಿಡಿಯುತ್ತದೆ, ವೇಗ ಇಳಿಯುತ್ತದೆ.

ನಾಗರಿಯಲ್ಲಾಗಲಿ ಕನ್ನಡದಲ್ಲಾಗಲಿ ಅಕ್ಷರ ಒಂದೇ ಅಂತಸ್ತಿನಲ್ಲಿ ನಿಲ್ಲುವುದಿಲ್ಲ. ನಾಗರಿಗೆ ಮೇಲೆ ಮಾತ್ರೆ, ಕೆಳಗೆ ಮಾತ್ರೆ. ಕನ್ನಡಕ್ಕೆ ಕೆಳಗೆ ಒತ್ತು, ಪಕ್ಕಕ್ಕೆ ದೀರ್ಘ. ನಾಗರಿಯ ಹ್ರಸ್ವ ‘ಇ’ ಮಾತ್ರೆಯದು ಇನ್ನೊಂದು ತಂಟೆ: ಉಚ್ಚಾರದಲ್ಲಿ ವ್ಯಂಜನದ ನಂತರ, ಬರವಣಿಗೆಯಲ್ಲಿ ಅದಕ್ಕಿಂತ ಮೊದಲು. ಹಿಂದಿ ಟೈಪ್‌ರೈಟರಿನಲ್ಲಿ ಕಣ್ಣಿಗೆ ಕಂಡ ಕ್ರಮದಲ್ಲಿ ಒತ್ತಬೇಕು, ಮಾತ್ರೆ ಮೊದಲು. ನಾಗರಿ ಲಿಪಿ ಸುಧಾರಣೆಗಾಗಿ 1953ರಲ್ಲಿ ಲಖನೌದಲ್ಲಿ ಸೇರಿದ ಸಮ್ಮೇಳನ ಆ ಮಾತ್ರೆಯನ್ನೇ ಬಲಕ್ಕೆ ಸರಿಸಿಬಿಡೋಣ ಎಂದು ಶಿಫಾರಸು ಮಾಡಿತ್ತು. ಜನ ಒಪ್ಪಲಿಲ್ಲ, ಸಲಹೆ ಹಿಂದೆ ಸರಿಯಿತು. ಪರಿಹಾರ ಬಂದದ್ದು ಕೀಲಿ ಒತ್ತುವ ಕ್ರಮವನ್ನೂ ಅಕ್ಷರ ಮೂಡುವ ಕ್ರಮವನ್ನೂ ಬೇರ್ಪಡಿಸಿದ ಮೇಲೆ. ಉಚ್ಚಾರದಂತೆ ಒತ್ತು, ಎಲ್ಲಿ ಮೂಡಿಸಬೇಕೆಂಬುದನ್ನು ಯಂತ್ರ ನೋಡಿಕೊಳ್ಳಲಿ ಎಂಬುದು ಆ ಉಪಾಯ. ಐಐಟಿ ಕಾನ್ಪುರದಲ್ಲಿ ಆರ್.ಎಂ.ಕೆ. ಸಿನ್ಹಾ, ಮೋಹನ್ ತಾಂಬೆ ಮೊದಲಾದವರು ಈ ದಾರಿಯಲ್ಲಿ ದುಡಿದರು. ಅಲ್ಲಿ ಬೆಳೆದ ‘ಜಿಸ್ಟ್’ ತಂತ್ರ 1988ರಲ್ಲಿ ಸ್ಥಾಪನೆಯಾದ ಪುಣೆಯ ಸಿ-ಡ್ಯಾಕ್ ಮೂಲಕ, ಗಣಕದೊಳಗೆ ತೂರಿಸುವ ಒಂದು ಕಾರ್ಡಿನ ರೂಪದಲ್ಲಿ ಕಚೇರಿಗಳಿಗೆ ತಲುಪಿತು. ಭಾರತೀಯ ಲಿಪಿಗಳ ಸಂಕೇತ ಕ್ರಮ ‘ಇಸ್ಕಿ’ 1991ರಲ್ಲಿ ಭಾರತೀಯ ಮಾನಕವಾಯಿತು.

ಕನ್ನಡದಲ್ಲಿ ಅನಂತಸುಬ್ಬರಾವ್ ಅವರ ಟೈಪ್‌ರೈಟರ್ ಜೋಡಣೆ ಕಚೇರಿಗಳಲ್ಲಿ ಬೇರೂರಿತ್ತು. ಕೆ.ಪಿ. ರಾವ್ ಅವರು ಉಚ್ಚಾರವನ್ನೇ ಆಧರಿಸಿ, ಇಂಗ್ಲಿಷಿನ 26 ಕೀಲಿಗಳೊಳಗೇ ಕನ್ನಡವನ್ನೆಲ್ಲ ಹಿಡಿಸಿದ ಜೋಡಣೆಯನ್ನು ರೂಪಿಸಿದರು. ತಮ್ಮ ತಂತ್ರಾಂಶಕ್ಕೆ ವಿದ್ವಾಂಸ ಸೇಡಿಯಾಪು ಕೃಷ್ಣಭಟ್ಟರ ಹೆಸರಿಟ್ಟರು. ಮುಂದೆ ಕನ್ನಡ ಗಣಕ ಪರಿಷತ್ತಿನ ‘ನುಡಿ’ಯೂ ಇದೇ ದಾರಿ ಹಿಡಿಯಿತು. ಕನ್ನಡಿಗರು ಇಂದು ಸಲೀಸಾಗಿ ಟೈಪ್ ಮಾಡುವುದರ ಹಿಂದೆ ಈ ಒಂದು ನಿರ್ಧಾರದ ಪಾಲು ದೊಡ್ಡದು.

ಟೆಲಿಪ್ರಿಂಟರ್ ಮತ್ತು ಕಾನ್ಪುರ

ಗಣಕಕ್ಕೆ ನೇರವಾಗಿ ಕೀಲಿಮಣೆ ಜೋಡಿಸಿದ ಯಂತ್ರಗಳು ಆ ಕಾಲದಲ್ಲೇ ಇದ್ದವು. ಮುಂಬಯಿಯ ಟಾಟಾ ಸಂಶೋಧನಾ ಸಂಸ್ಥೆಯಲ್ಲಿ ತಯಾರಾಗಿ 1960ರಲ್ಲಿ ಕೆಲಸಕ್ಕೆ ಬಂದ ಟಿಫ್ರಾಕ್ ತೂತಿನ ಕಾಗದದ ಪಟ್ಟಿ ಮತ್ತು ಟೆಲಿಪ್ರಿಂಟರುಗಳನ್ನು ನಂಬಿತ್ತು. ವಾರಾಣಸಿಗೆ ಹತ್ತಿರದ ದೊಡ್ಡ ಉದಾಹರಣೆ ಐಐಟಿ ಕಾನ್ಪುರ. 1963ರ ಆಗಸ್ಟ್‌ನಲ್ಲಿ ಅಲ್ಲಿಗೆ ಬಂದ ಐಬಿಎಂ 1620ಕ್ಕೆ ಟೈಪ್‌ರೈಟರ್ ಕಟ್ಟಿಯೇ ಕಳಿಸಿದ್ದರು. ಸೆಕೆಂಡಿಗೆ ಹತ್ತು ಅಕ್ಷರ ಆ ಟೈಪ್‌ರೈಟರಿನ ವೇಗ. 1963ರಿಂದ ಜಗತ್ತಿನ ತುಂಬ ಹರಡಿದ ಟೆಲಿಟೈಪ್ 33 ಎಂಬ ಟೆಲಿಪ್ರಿಂಟರಿನ ವೇಗವೂ ಅಷ್ಟೇ. ಗಾಡಿಯನ್ನು ಸಾಲಿನ ಆರಂಭಕ್ಕೆ ಎಳೆಯಲು ಒಂದು ಆಜ್ಞೆ, ಕಾಗದವನ್ನು ಒಂದು ಸಾಲು ಮೇಲಕ್ಕೆ ತಳ್ಳಲು ಇನ್ನೊಂದು: ಆ ಉಕ್ಕಿನ ಚಲನೆಗಳಿಗಾಗಿ ಹುಟ್ಟಿದ ಜೋಡಿ ಸಂಕೇತಗಳು ವಿಂಡೋಸ್‌ನ ಕಡತಗಳಲ್ಲಿ ಇನ್ನೂ ಪ್ರತಿ ಸಾಲಿನ ಕೊನೆಗೆ ಕೂತಿವೆ.

ಹೆದರಿಕೆ, ವಿದಾಯ

ನಿಮಿಷಕ್ಕೆ 600 ಸಾಲು ಬರೆಯುವ ಯಂತ್ರ ಬಂದರೆ ಬರೆಯುವ ಗುಮಾಸ್ತ ಹೆದರದೆ ಇರುತ್ತಾನೆಯೇ? ಕಲ್ಕತ್ತೆಯ ಇಲಾಕೊ ಹೌಸ್‌ನಲ್ಲಿ ಜೀವವಿಮಾ ನಿಗಮದ ಗಣಕ ಕೂರಿಸದಂತೆ ನೌಕರರು 1960ರ ದಶಕದಲ್ಲಿ ಕಾವಲು ನಿಂತದ್ದು ಪ್ರಸಿದ್ಧ. ಯಾಂತ್ರೀಕರಣದ ಪರಿಣಾಮ ಪರಿಶೀಲಿಸಿದ ದಾಂಡೇಕರ್ ಸಮಿತಿ 1972ರಲ್ಲಿ ವರದಿ ಕೊಟ್ಟಿತು. ಗುಮಾಸ್ತರ ಹೆದರಿಕೆ ಪೂರ್ತಿ ಸುಳ್ಳೂ ಅಲ್ಲ, ಪೂರ್ತಿ ನಿಜವೂ ಅಲ್ಲ. ಬರೆಯುವ ಕೆಲಸ ಹೋಯಿತು, ಒತ್ತುವ ಕೆಲಸ ಬಂತು. ಆದರೆ ಒತ್ತುವ ಕೆಲಸಕ್ಕೆ ಬರೆಯುವ ಕೆಲಸದ ಮಾನ ಬರಲಿಲ್ಲ ಎಂಬುದು ಆ ಚರ್ಚೆಗಳಲ್ಲಿ ಕೇಳಿಸದೇ ಹೋದ ದೂರು.

1973ರ ವಿದೇಶಿ ವಿನಿಮಯ ಕಾಯ್ದೆಯ ಷರತ್ತಿಗೆ ಒಪ್ಪದೆ ಐಬಿಎಂ 1978ರಲ್ಲಿ ಭಾರತ ಬಿಟ್ಟಿತು. ಅದರ ಯಂತ್ರಗಳನ್ನು ನೋಡಿಕೊಳ್ಳುವ ಹೊಣೆ ಕಂಪ್ಯೂಟರ್ ಮೇಂಟೆನೆನ್ಸ್ ಕಾರ್ಪೊರೇಷನ್ ಎಂಬ ಸರ್ಕಾರಿ ಸಂಸ್ಥೆಯ ಹೆಗಲಿಗೆ ಬಿತ್ತು.

ಸೂಜಿಗಳ ಕಾಲ

ಇದೇ ಸಂಸ್ಥೆ ರೂಪಿಸಿದ ‘ಇಂಪ್ರೆಸ್’ ವ್ಯವಸ್ಥೆಯಿಂದ ರೈಲು ಟಿಕೆಟಿನ ಮುಂಗಡ ಕಾಯ್ದಿರಿಸುವಿಕೆ 1985ರಲ್ಲಿ ದೆಹಲಿಯಲ್ಲಿ ಗಣಕಕ್ಕೆ ಸರಿಯತೊಡಗಿತು. ಕೀಲಿಮಣೆ, ಪರದೆ, ಮುದ್ರಕ ಮೂರೂ ಒಬ್ಬ ಗುಮಾಸ್ತನ ಮುಂದೆ ಕೂಡಿದ್ದನ್ನು ಸಾಮಾನ್ಯ ಜನ ಕಣ್ಣಾರೆ ಕಂಡದ್ದು ರೈಲ್ವೆ ಕೌಂಟರಿನಲ್ಲೇ. ಸರಪಳಿಯ ಜಾಗಕ್ಕೆ ಡಾಟ್ ಮ್ಯಾಟ್ರಿಕ್ಸ್ ಬಂದಿತ್ತು: ಒಂಬತ್ತು ಅಥವಾ ಇಪ್ಪತ್ನಾಲ್ಕು ಸೂಜಿಗಳ ಒಂದು ತಲೆ ಅತ್ತಿಂದಿತ್ತ ಓಡುತ್ತ ಚುಕ್ಕೆಗಳಿಂದ ಅಕ್ಷರ ಕಟ್ಟುತ್ತದೆ. ಅಕ್ಷರ ಉಕ್ಕಿನಲ್ಲಿ ಎರಕವಾಗಿಲ್ಲದ್ದರಿಂದ ನಾಗರಿಗೂ ಕನ್ನಡಕ್ಕೂ ಬಾಗಿಲು ತೆರೆದದ್ದು ಈ ಚುಕ್ಕೆಗಳಿಂದಲೇ. ಒಂಬತ್ತು ಸೂಜಿಯಲ್ಲಿ ಮಾತ್ರೆ, ಒತ್ತು ಇಕ್ಕಟ್ಟಾಗುತ್ತಿದ್ದವು, ಇಪ್ಪತ್ನಾಲ್ಕರಲ್ಲಿ ಉಸಿರಾಡಿದವು. ಚೆನ್ನೈನ ಟಿವಿಎಸ್, ಮೈಸೂರಿನ ಕಾರ್ಖಾನೆಯಲ್ಲಿ ವಿಪ್ರೊ ತಯಾರಿಸಿದ ಮುದ್ರಕಗಳು ದೇಶದ ಕಚೇರಿಗಳ ತುಂಬ ಕಿರುಗುಟ್ಟಿದವು.

ಈ ಮುದ್ರಕ ನಡೆಸಲು ಗಣಕ ತಜ್ಞನೇ ಬೇಕಾಗಿಲ್ಲ. ‘ಆನ್‌ಲೈನ್’, ‘ಎಲ್‌ಎಫ್’, ‘ಎಫ್‌ಎಫ್’ ಎಂಬ ಮೂರು ಗುಂಡಿ. ಮೊದಲನೆಯದನ್ನು ಆರಿಸದೆ ಉಳಿದೆರಡು ಕೆಲಸ ಮಾಡವು. ಎರಡನೆಯದು ಒಂದು ಸಾಲು, ಮೂರನೆಯದು ಒಂದು ಪುಟ ಮುಂದಕ್ಕೆ. ಗುಂಡಿಯೊಂದನ್ನು ಒತ್ತಿ ಹಿಡಿದು ವಿದ್ಯುತ್ ಸ್ವಿಚ್ ಹಾಕಿದರೆ ಮುದ್ರಕ ತನ್ನ ಅಕ್ಷರಗಳನ್ನೆಲ್ಲ ತಾನೇ ಹೊಡೆದು ತೋರಿಸುತ್ತದೆ. ತಪ್ಪು ಗಣಕದ್ದೋ ಮುದ್ರಕದ್ದೋ ಎಂದು ತೀರ್ಮಾನಿಸುವ ಈ ಪರೀಕ್ಷೆ ಎಲ್ಲ ಕಚೇರಿಯ ಜವಾನನಿಗೂ ಗೊತ್ತಿತ್ತು. 1401ರ ಕಾಲದಲ್ಲಿ ಹವಾನಿಯಂತ್ರಿತ ಕೊಠಡಿಯೊಳಗಿದ್ದ ವಿದ್ಯೆ ಹೀಗೆ ಬೀದಿಗಿಳಿಯಿತು.

ಕಾಶಿಗೆ ಹೋಗುವ ಕನ್ನಡಿಗ ಯಾತ್ರಿಕರಿಗೆ ಈ ವ್ಯವಸ್ಥೆಯ ಒಂದು ಮಿತಿ ಚೆನ್ನಾಗಿ ಗೊತ್ತು. ಕಾಯ್ದಿರಿಸುವ ಅರ್ಜಿಯಲ್ಲಿ ಹೆಸರು ಇಂಗ್ಲಿಷ್ ದೊಡ್ಡಕ್ಷರದಲ್ಲಿ, 15 ಅಕ್ಷರ ಮೀರದಂತೆ ಎಂಬ ಸೂಚನೆ. ಊರಿನ ಹೆಸರು, ತಂದೆಯ ಹೆಸರು, ತನ್ನ ಹೆಸರು ಮೂರೂ ಹೊತ್ತು ಬಂದವರಿಗೆ 15 ಅಕ್ಷರ ಯಾವ ಮೂಲೆಗೆ? ಬೋಗಿಯ ಬಾಗಿಲಿಗೆ ಅಂಟಿಸಿದ ಅಗಲ ಕಾಗದದ ಪಟ್ಟಿಯಲ್ಲಿ ತಮ್ಮ ಹೆಸರಿನ ಅರ್ಧವನ್ನು ಗುರುತಿಸಿ, ವಯಸ್ಸು ನೋಡಿ ಖಚಿತ ಮಾಡಿಕೊಂಡು ಹತ್ತುವುದು ರೂಢಿಯಾಗಿತ್ತು. ದೊಡ್ಡ ನಿಲ್ದಾಣಗಳಲ್ಲಿ ಬೋಗಿಗೆ ಪಟ್ಟಿ ಅಂಟಿಸುವುದನ್ನು ರೈಲ್ವೆ 2018ರ ಮಾರ್ಚ್‌ನಿಂದ ನಿಲ್ಲಿಸಿತು.

ಲೇಸರ್ ಮುದ್ರಕ ಅಗ್ಗವಾದ ಮೇಲೂ ಡಾಟ್ ಮ್ಯಾಟ್ರಿಕ್ಸ್ ಪೂರ್ತಿ ಹೋಗಿಲ್ಲ. ಲಾರಿ ಸಾಗಣೆಯ ಕಚೇರಿ, ಔಷಧದ ಸಗಟು ಅಂಗಡಿ, ಬ್ಯಾಂಕಿನ ಪಾಸ್‌ಬುಕ್ ಮುದ್ರಿಸುವ ಕಿಟಕಿ ಇಲ್ಲೆಲ್ಲ ಅದಿನ್ನೂ ದುಡಿಯುತ್ತಿದೆ. ಲೇಸರ್ ಬಡಿಯುವುದಿಲ್ಲ, ಬಡಿಯದಿದ್ದರೆ ಕೆಳಗಿನ ಪ್ರತಿಗೆ ಕಾರ್ಬನ್ ಅಚ್ಚು ಮೂಡುವುದಿಲ್ಲ. ಒಂದೇ ಏಟಿಗೆ ಮಾಲು ಕಳಿಸುವವನಿಗೊಂದು, ಚಾಲಕನಿಗೊಂದು, ಪಡೆಯುವವನಿಗೊಂದು ಪ್ರತಿ ಬೇಕಾದಲ್ಲಿ ಸೂಜಿಯ ಮುದ್ರಕವೇ ಅಗ್ಗ.